ಎಸ್‌ಯುವಿಗೆ ಯಾವ ಹಿಚ್ ಹಾಕಿಸಬೇಕು, ವೈರಿಂಗ್ ಹೇಗಿರಬೇಕು?

ಮನೆಮಂದಿಯೆಲ್ಲ ಓಡಾಡುವ ಎಸ್‌ಯುವಿಗೆ ಟ್ರೇಲರ್ ಕಟ್ಟಬೇಕೆಂದಿರುವವರು ‘ಯಾವ ಹಿಚ್ (ಟ್ರೇಲರ್ ಕಟ್ಟಲು ವಾಹನದ ಹಿಂಭಾಗಕ್ಕೆ ಬಿಗಿಯುವ ಕೊಂಡಿ) ಒಳ್ಳೆಯದು’ ಎಂದು ನನ್ನನ್ನು ಆಗಾಗ ಕೇಳುತ್ತಾರೆ. ವಾಹನದ ಕೈಪಿಡಿಯಲ್ಲಿ ಎಷ್ಟು ತೂಕ ಎಳೆಯಬಹುದೆಂದು ಬರೆದಿದೆ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಹಿಚ್ ಎಷ್ಟೇ ಗಟ್ಟಿಯಾಗಿದ್ದರೂ ವಾಹನದ ಸಾಮರ್ಥ್ಯವನ್ನು ಅದು ಒಂದು ಕಿಲೋದಷ್ಟೂ ಹೆಚ್ಚಿಸುವುದಿಲ್ಲ. 1,500 ಕಿಲೋ ಎಳೆಯಬಲ್ಲ ವಾಹನಕ್ಕೆ 3,600 ಕಿಲೋ ತಾಳುವ ಹಿಚ್ ಬಿಗಿದರೂ ಮಿತಿ 1,500 ಕಿಲೋ ಆಗಿಯೇ ಉಳಿಯುತ್ತದೆ. ವಾಹನ, ಹಿಚ್, ಅದರ ಮೇಲಿನ ಗುಂಡಾದ ಬಾಲ್, ಆ ಬಾಲನ್ನು ಹಿಡಿದುಕೊಳ್ಳುವ ಟ್ರೇಲರಿನ ಕಪ್ಲರ್ ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ.

ಇದಕ್ಕಿಂತ ಹೆಚ್ಚಾಗಿ ಜನರ ಗಮನಕ್ಕೆ ಬಾರದೆ ಹೋಗುವುದು ಬಾಲ್ ಮೇಲೆ ಕೂರುವ ಭಾರ. ಎತ್ತಿನ ಗಾಡಿಗೆ ಹೇರು ತುಂಬುವವರು ಮುಂಭಾರ ಹಿಂಭಾರ ನೋಡುವಂತೆ ಇಲ್ಲಿಯೂ ನೋಡಬೇಕು. ಅಮೆರಿಕದ ರೂಢಿಯಲ್ಲಿ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಬಾಲ್ ಮೇಲೆ ಇರಬೇಕು. ಅದು ತೀರ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಎಡಬಲಕ್ಕೆ ತೂಗಾಡತೊಡಗುತ್ತದೆ, ಅತಿಯಾದರೆ ವಾಹನದ ಹಿಂಭಾಗ ಕುಸಿದು ಮುಂಚಕ್ರಗಳ ಹಿಡಿತ ಸಡಿಲವಾಗುತ್ತದೆ. ಈ ಭಾರ ವಾಹನ ಹೊರಬಹುದಾದ ತೂಕದ ಲೆಕ್ಕಕ್ಕೇ ಸೇರುತ್ತದೆ. 500 ಕಿಲೋ ಹೊರಬಲ್ಲ ಎಸ್‌ಯುವಿಯ ಬಾಲ್ ಮೇಲೆ 200 ಕಿಲೋ ಕೂತರೆ, ಒಳಗಿನ ಜನಕ್ಕೂ ಸಾಮಾನಿಗೂ ಉಳಿಯುವುದು 300 ಕಿಲೋ ಮಾತ್ರ, ಅದರಲ್ಲಿ ಹಿಚ್ಚಿನ ತೂಕವನ್ನೂ ಕಳೆಯಬೇಕು. ಏಳು ಸೀಟು ತುಂಬಿಸಿ ಟ್ರೇಲರನ್ನೂ ಎಳೆಯುವ ಆಸೆ ಬಹಳಷ್ಟು ಸಲ ಈ ಲೆಕ್ಕದಲ್ಲೇ ಮುಗಿದುಹೋಗುತ್ತದೆ.

ಇಷ್ಟು ತಿಳಿದ ಮೇಲೆ ಹಿಚ್ಚಿನ ಆಯ್ಕೆ ಸುಲಭ. ಹಿಚ್ಚುಗಳನ್ನು ಅವು ತಾಳುವ ತೂಕದ ಪ್ರಕಾರ ವಿಂಗಡಿಸುವ ಅಮೆರಿಕದ ವರ್ಗೀಕರಣದಲ್ಲಿ ಮೊದಲೆರಡು ವರ್ಗಗಳಿಗೆ ಸಾಮಾನ್ಯವಾಗಿ 1.25 ಇಂಚಿನ ರಿಸೀವರ್ (ಬಾಲ್ ಹೊತ್ತ ಸರಳನ್ನು ತೂರಿಸುವ ಚೌಕದ ಕೊಳವೆ), ಮೂರನೆಯದಕ್ಕೆ 2 ಇಂಚಿನದು ಇರುತ್ತದೆ. ವಾಹನಕ್ಕೆ ಹೊಂದುವುದಾದರೆ ನಾನು 2 ಇಂಚಿನದನ್ನೇ ಹೇಳುತ್ತೇನೆ, ಏಕೆಂದರೆ ಸೈಕಲ್ ರ‍್ಯಾಕ್ ಮುಂತಾದವು ಆ ಅಳತೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಬಾಲ್ ಮಾತ್ರ ಕಪ್ಲರಿನ ಮೇಲೆ ಮುದ್ರಿಸಿರುವ ಅಳತೆಯದೇ ಆಗಿರಬೇಕು. 2 ಇಂಚಿನ ಕಪ್ಲರ್ 1.875 ಇಂಚಿನ ಬಾಲ್ ಮೇಲೂ ಕೂತು, ಚಿಲಕ ಬಿದ್ದಂತೆಯೇ ಕಾಣಿಸಿ, ರಸ್ತೆಯ ಉಬ್ಬಿನಲ್ಲಿ ಕಳಚಿಕೊಳ್ಳಬಹುದು.

ಟ್ರೇಲರಿನ ದೀಪಗಳಿಗೆ ವಾಹನದಿಂದ ಎಳೆಯುವ ವೈರಿಂಗ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅಮೆರಿಕದ ರೂಢಿಯ ಸರಳವಾದ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಬಿಳಿ ತಂತಿ ಅರ್ಥ್‌ಗೆ, ಕಂದು ಹಿಂಬದಿಯ ದೀಪಕ್ಕೆ, ಹಳದಿ ಎಡ ಇಂಡಿಕೇಟರಿಗೆ, ಹಸಿರು ಬಲಕ್ಕೆ. ಬ್ರೇಕ್ ದೀಪದ ಸಂಕೇತವೂ ಹಳದಿ ಮತ್ತು ಹಸಿರು ತಂತಿಗಳಲ್ಲೇ ಹೋಗುತ್ತದೆ. ಆದರೆ ಅನೇಕ ಎಸ್‌ಯುವಿಗಳಲ್ಲಿ ಬ್ರೇಕ್ ದೀಪ ಬೇರೆ, ಇಂಡಿಕೇಟರ್ ಬೇರೆ ಇರುವುದರಿಂದ ಎರಡನ್ನೂ ಕೂಡಿಸುವ ಕನ್ವರ್ಟರ್ ನಡುವೆ ಬೇಕಾಗುತ್ತದೆ. ಹಿಂಬದಿಯ ದೀಪದ ತಂತಿಯನ್ನು ಸುಲಿದು ಅಲ್ಲಿಂದಲೇ ವಿದ್ಯುತ್ ಎಳೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಹೊಸ ವಾಹನಗಳ ಕಂಪ್ಯೂಟರ್ ದೀಪಗಳ ವಿದ್ಯುತ್ ಪ್ರವಾಹದ ಮೇಲೆ ಕಣ್ಣಿಟ್ಟಿರುವುದರಿಂದ, ಟ್ರೇಲರಿನ ದೀಪಗಳು ಹೆಚ್ಚುವರಿಯಾಗಿ ಎಳೆಯುವ ವಿದ್ಯುತ್ತನ್ನು ಅದು ದೋಷವೆಂದೇ ಎಣಿಸಬಹುದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರವಾಗಿ ವಿದ್ಯುತ್ ಪಡೆದು, ದೀಪದ ತಂತಿಯಿಂದ ಸಂಕೇತವನ್ನಷ್ಟೇ ತೆಗೆದುಕೊಳ್ಳುವ ಮಾಡ್ಯೂಲ್, ಅದೂ ನಿಮ್ಮ ಮಾದರಿಗೆಂದೇ ತಯಾರಾದದ್ದು, ದುಬಾರಿಯಾದರೂ ಅದನ್ನೇ ಕೊಳ್ಳಬೇಕು. ಟ್ರೇಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಏಳು ಪಿನ್ನಿನ ಕನೆಕ್ಟರೂ ಚಾಲಕನ ಬಳಿ ಬ್ರೇಕ್ ಕಂಟ್ರೋಲರೂ ಬೇಕು. ಯುರೋಪಿನಲ್ಲಿ ಪಿನ್ನುಗಳ ವ್ಯವಸ್ಥೆ ಬೇರೆ, ಅಲ್ಲಿ 13 ಪಿನ್ನಿನದು ಬಳಕೆಯಲ್ಲಿದೆ. 750 ಕಿಲೋ ಮೀರಿದ ಟ್ರೇಲರಿಗೆ ಅಲ್ಲಿ ಬ್ರೇಕ್ ಕಡ್ಡಾಯ.

ಜೋಡಣೆ ಮುಗಿದ ಮೇಲೆ ದೀಪಗಳನ್ನು ಒಂದೊಂದಾಗಿ ನೋಡಿ ತೃಪ್ತರಾಗಬೇಡಿ. ಹೆಡ್‌ಲೈಟ್ ಹಾಕಿ, ಬ್ರೇಕ್ ತುಳಿದು, ಇಂಡಿಕೇಟರನ್ನೂ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿ. ಆಗ ದೀಪಗಳು ಮಂಕಾದರೆ ಅಥವಾ ಇಂಡಿಕೇಟರಿನ ಜೊತೆಗೆ ಉಳಿದವೂ ಮಿನುಗಿದರೆ, ಮಾಡ್ಯೂಲನ್ನು ದೂರುವ ಮೊದಲು ಬಿಳಿ ತಂತಿಯ ಬೋಲ್ಟ್ ಬಿಚ್ಚಿ, ಅದರ ಕೆಳಗಿನ ಬಣ್ಣ ಮತ್ತು ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ.