ಕೂಸಿನ ವಯಸ್ಸು ಕೇಳದೆ ಎಎಫ್‌ಪಿ ರಿಪೋರ್ಟ್ ಓದಬೇಡಿ

ಹಾಸನದ ಒಂದು ಖಾಸಗಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ದಿನವಿಡೀ ಶುಗರ್, ಥೈರಾಯ್ಡ್, ಮಳೆಗಾಲದಲ್ಲಿ ಡೆಂಗಿ. ಅಪರೂಪಕ್ಕೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಮೂರನ್ನೂ ಒಟ್ಟಿಗೆ ಬರೆದ ಚೀಟಿ ಬರುತ್ತದೆ. ಕೆಲವು ಗಡ್ಡೆಗಳಿದ್ದಾಗ ರಕ್ತದಲ್ಲಿ ಹೆಚ್ಚುವ ವಸ್ತುಗಳು ಇವು, ಟ್ಯೂಮರ್ ಮಾರ್ಕರ್ ಅನ್ನುತ್ತಾರೆ. ಡಾಕ್ಟರಿಗೆ ಜರ್ಮ್ ಸೆಲ್ ಟ್ಯೂಮರಿನ ಅನುಮಾನವೋ, ಅದಕ್ಕೆ ಆಗಲೇ ಚಿಕಿತ್ಸೆ ನಡೆಯುತ್ತಿದೆಯೋ, ಎರಡರಲ್ಲೊಂದು.

ಮುಂದೆ ಅಂಡಾಣು ಅಥವಾ ವೀರ್ಯಾಣು ಆಗಬೇಕಿದ್ದ ಕೋಶಗಳಿಂದ ಹುಟ್ಟುವ ಗಡ್ಡೆ ಇದು. ಭ್ರೂಣದಲ್ಲಿ ಆ ಕೋಶಗಳು ಬೇರೆಲ್ಲೋ ಹುಟ್ಟಿ, ಆಮೇಲೆ ಅಂಡಾಶಯ, ವೃಷಣಗಳ ಜಾಗಕ್ಕೆ ಸಾಗಿ ಬರುತ್ತವೆ. ಕೆಲವು ದಾರಿಯಲ್ಲೇ ಉಳಿದುಬಿಡುತ್ತವೆ. ಹಾಗಾಗಿಯೇ ಈ ಗಡ್ಡೆ ಬಾಲಮೂಳೆಯ ಹತ್ತಿರ, ಎದೆಯ ನಡುವೆ, ಮೆದುಳಿನಲ್ಲಿ ಕೂಡ ಕಾಣಿಸಿಕೊಳ್ಳುತ್ತದೆ ಅಂತ ಹೆಚ್ಚಿನ ತಜ್ಞರು ಹೇಳುತ್ತಾರೆ. 2011ರ ವಿಶ್ವಕಪ್ ಗೆದ್ದ ಮೇಲೆ ಯುವರಾಜ್ ಸಿಂಗ್‌ಗೆ ಪತ್ತೆಯಾದದ್ದು ಎದೆಯೊಳಗಿನ ಇಂಥದ್ದೇ ಗಡ್ಡೆ.

ಮಕ್ಕಳಿಗೂ ದೊಡ್ಡವರಿಗೂ ಟೆಸ್ಟ್ ಒಂದೇ. ಓದುವ ರೀತಿ ಬೇರೆ. ಅದನ್ನೇ ಹೇಳೋಣ ಅಂತ ಬರೆಯುತ್ತಿದ್ದೇನೆ.

ಅರಕಲಗೂಡು ಕಡೆಯ ಒಂದು ಕುಟುಂಬ. ಎರಡೂವರೆ ತಿಂಗಳ ಹೆಣ್ಣುಕೂಸು. ಹುಟ್ಟುವಾಗಲೇ ಬಾಲಮೂಳೆಯ ಹತ್ತಿರ ಗಡ್ಡೆ ಇತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಗಿದೆ. ಬಾಲಮೂಳೆಯನ್ನೂ ಸೇರಿಸಿ ತೆಗೆದಿದ್ದಾರೆ. ಅದನ್ನು ಉಳಿಸಿದರೆ ಗಡ್ಡೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ನವಜಾತ ಶಿಶುಗಳಲ್ಲಿ ಕಾಣುವ ಗಡ್ಡೆಗಳ ಪೈಕಿ ಇದೇ ಹೆಚ್ಚು ಸಾಮಾನ್ಯ, ಅದೂ ಹೆಣ್ಣುಮಕ್ಕಳಲ್ಲಿ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೂ ಕೆಲವು ವರ್ಷ ಎಎಫ್‌ಪಿ ನೋಡುತ್ತಿರಬೇಕು. ಪ್ರತಿ ಸಲ ಬೆಂಗಳೂರಿಗೆ ಹೋಗುವುದು ಬೇಡ ಅಂತ ರಕ್ತ ನಮ್ಮಲ್ಲಿ ಕೊಟ್ಟರು.

ರಿಪೋರ್ಟ್ ಬಂತು: 190. ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’. ಅದರ ಪಕ್ಕದಲ್ಲಿ, 10ರೊಳಗೆ ಇರಬೇಕು ಅಂತ. ಕೂಸಿನ ಅಪ್ಪ ಅಲ್ಲೇ ನಿಂತು ಮೊಬೈಲ್‌ನಲ್ಲಿ ಹುಡುಕಿ, ಲಿವರ್ ಕ್ಯಾನ್ಸರ್ ಅಂತ ಓದಿ ಬಿಳಿಚಿಕೊಂಡಿದ್ದ. ಅಜ್ಜಿ ಮಾತ್ರ ಗಟ್ಟಿಯಾಗಿ ಕೇಳಿದರು: “ಮತ್ತೆ ಬೆಳೀತಾ ಐತಾ ಮಗಾ, ನಿಜ ಹೇಳು.”

ಆ 10 ಅನ್ನುವುದು ದೊಡ್ಡವರ ಲೆಕ್ಕ. ಹೊಟ್ಟೆಯಲ್ಲಿರುವಾಗ ಕೂಸಿನ ಲಿವರ್ ಎಎಫ್‌ಪಿಯನ್ನು ಧಾರಾಳವಾಗಿ ತಯಾರಿಸುತ್ತದೆ. ಆರೋಗ್ಯವಾಗಿ ಹುಟ್ಟಿದ ಮಗುವಿನಲ್ಲೂ ಅದು ಹತ್ತಾರು ಸಾವಿರ ಇರುತ್ತದೆ. 2 ತಿಂಗಳಿಗೆ ಕೆಲವು ನೂರು, 3 ತಿಂಗಳಿಗೆ ನೂರರ ಆಸುಪಾಸು, ದೊಡ್ಡವರ ಮಟ್ಟಕ್ಕೆ ಇಳಿಯಲು ಹೆಚ್ಚುಕಡಿಮೆ 8 ತಿಂಗಳು. ತಿಂಗಳು ತುಂಬದೆ ಹುಟ್ಟಿದ್ದರೆ ಇನ್ನೂ ಜಾಸ್ತಿ.

“ಹಳೇ ರಿಪೋರ್ಟ್ ಇದೆಯಾ ಅಜ್ಜಿ?” ಅಂದೆ. ಬಟ್ಟೆ ಅಂಗಡಿ ಕವರಿನಿಂದ ನಾಲ್ಕು ಮಡಿಕೆ ಮಡಚಿದ ಕಾಗದಗಳು ಹೊರಬಂದವು. ಆಪರೇಷನ್‌ಗೆ ಮೊದಲು 52,000. ಒಂದು ತಿಂಗಳಿಗೆ 4,100. ಈಗ 190. ಮೂರನ್ನೂ ನಮ್ಮ ಪೆಥಾಲಜಿಸ್ಟ್ ಮೇಡಂ ಮುಂದಿಟ್ಟೆ. ಅವರು ವಯಸ್ಸಿನ ಪಟ್ಟಿಗೆ ಹೋಲಿಸಿ ನೋಡಿ, ಬೆಂಗಳೂರಿನ ಡಾಕ್ಟರಿಗೇ ಫೋನ್ ಮಾಡಿ ಮಾತಾಡಿದರು. ಆಮೇಲೆ ಮನೆಯವರನ್ನು ಒಳಗೆ ಕರೆದು ವಿವರಿಸಿದರು. ಏನೂ ಇಲ್ಲ ಹೋಗಿ ಅನ್ನುವುದು ಟೆಕ್ನಿಷಿಯನ್ ಕೆಲಸ ಅಲ್ಲ. ಎಷ್ಟೇ ಅನುಭವ ಇದ್ದರೂ ಅಲ್ಲ.

ಹೇಮಾವತಿ ಡ್ಯಾಂ ನೀರು ಇವತ್ತು ಎಷ್ಟು ಅಡಿ ಅಂತ ಮಾತ್ರ ಹೇಳಿದರೆ ನಮ್ಮ ಕಡೆ ಯಾರಿಗೂ ಸಮಾಧಾನ ಆಗಲ್ಲ. ನಿನ್ನೆ ಎಷ್ಟಿತ್ತು, ಇದು ಯಾವ ತಿಂಗಳು ಅಂತ ಕೇಳುತ್ತಾರೆ. ಮಾರ್ಕರ್‌ಗಳ ಕತೆಯೂ ಅಷ್ಟೇ.

ದೊಡ್ಡವರಲ್ಲಿ ನೋಡಬೇಕಾದ್ದು ಇಳಿಯುವ ವೇಗ. ಗಡ್ಡೆ ಪೂರ್ತಿ ಹೋಗಿದ್ದರೆ ಎಎಫ್‌ಪಿ 5ರಿಂದ 7 ದಿನಕ್ಕೊಮ್ಮೆ ಅರ್ಧ ಆಗುತ್ತಾ ಬರಬೇಕು. ಎಚ್‌ಸಿಜಿ ಒಂದು, ಒಂದೂವರೆ ದಿನಕ್ಕೇ ಅರ್ಧ ಆಗುತ್ತದೆ. ಆದ್ದರಿಂದ ಆಪರೇಷನ್‌ಗೆ ಮೊದಲೇ ಒಂದು ಸ್ಯಾಂಪಲ್ ಬೇಕೇ ಬೇಕು. ಎಲ್ಲಿಂದ ಇಳಿಯಿತು ಅಂತ ಗೊತ್ತಿಲ್ಲದೆ ಎಷ್ಟು ಇಳಿಯಿತು ಅಂತ ಹೇಗೆ ಹೇಳುವುದು? ಮಿಷನ್ ಮಿತಿ ದಾಟಿದರೆ ‘1000ಕ್ಕಿಂತ ಹೆಚ್ಚು’ ಅಂತ ಬರೆದು ಕೈತೊಳೆದುಕೊಳ್ಳುವ ಲ್ಯಾಬ್‌ಗಳಿವೆ. ಸೀರಂ, ಅಂದರೆ ರಕ್ತದ ತಿಳಿಯನ್ನು, ಡೈಲ್ಯೂಟ್ ಮಾಡಿ ನಿಜವಾದ ಸಂಖ್ಯೆ ಕೊಡಬೇಕು. ಎಚ್‌ಸಿಜಿ ವಿಪರೀತ ಇದ್ದರೆ ಕೆಲವು ಕಿಟ್‌ಗಳಲ್ಲಿ ತಪ್ಪಾಗಿ ಕಡಿಮೆ ತೋರಿಸುವುದೂ ಉಂಟು. ಸಾಧ್ಯವಾದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಕಿಟ್ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಇನ್ನೊಂದು ವಿಷಯ ಕೌಂಟರ್‌ನದು. ಸಕಲೇಶಪುರ ಕಡೆಯ ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು) ಒಬ್ಬರು, ಇನ್ನೂ ಮದುವೆ ಆಗದ ಹುಡುಗ, ಬೀಟಾ ಎಚ್‌ಸಿಜಿ ಬರೆದ ಚೀಟಿ ಕೊಟ್ಟರು. ಗರ್ಭ ನಿಂತಿದೆಯಾ ಅಂತ ನೋಡಲೂ ಮಾಡುವ ಟೆಸ್ಟ್ ಅದು. ಬಿಲ್ ಹಾಕುವ ಹುಡುಗ ಜೋರಾಗಿ, “ಸರ್, ಇದು ಪ್ರೆಗ್ನೆನ್ಸಿ ಟೆಸ್ಟ್ ಅಲ್ವಾ?” ಅಂದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ರೈಟರ್ ಚೀಟಿ ಕಿತ್ತುಕೊಂಡು ಹೊರಟೇಬಿಟ್ಟಿದ್ದರು. ನಾನು ಮೆಟ್ಟಿಲ ತನಕ ಹೋಗಿ, “ಬನ್ನಿ ಸರ್, ಒಳಗೆ ಕೂತ್ಕೊಳ್ಳಿ” ಅಂತ ಕರೆತಂದೆ. ವೃಷಣದಲ್ಲಿದ್ದ ನೋವಿಲ್ಲದ ಬಾವನ್ನು ಅವರು ತಿಂಗಳುಗಟ್ಟಲೆ ಯಾರಿಗೂ ಹೇಳಿರಲಿಲ್ಲ. 15ರಿಂದ 35 ವಯಸ್ಸಿನ ಗಂಡಸರಲ್ಲಿ ವೃಷಣದ ಕ್ಯಾನ್ಸರ್‌ಗೆ ಹೆಚ್ಚಿನ ಸಲ ಈ ಗಡ್ಡೆಯೇ ಕಾರಣ. ಅದೇ ವಯಸ್ಸಿನಲ್ಲಿ ನಾಚಿಕೆಯೂ ಜಾಸ್ತಿ. 1974ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞ ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಅನ್ನುವ ಔಷಧಿ ಸೇರಿಸಿ ಕೀಮೋ ಕೊಡಲು ಶುರುಮಾಡಿದ ಮೇಲೆ, ಬೇರೆ ಅಂಗಗಳಿಗೆ ಹರಡಿದ್ದರೂ ಬಹಳಷ್ಟು ಜನ ಪೂರ್ತಿ ಗುಣವಾಗುತ್ತಾರೆ. ಮುಂದೆ ಮಕ್ಕಳು ಬೇಕು ಅನ್ನುವವರು ಕೀಮೋಗೆ ಮೊದಲೇ ವೀರ್ಯ ತೆಗೆದಿರಿಸುವ ಬಗ್ಗೆ ಡಾಕ್ಟರನ್ನು ಕೇಳಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ಈಗ ನಮ್ಮಲ್ಲಿ ಈ ಚೀಟಿಗಳನ್ನು ಕೌಂಟರ್‌ನಲ್ಲಿ ಓದಿ ಹೇಳುವುದಿಲ್ಲ, ಸೀದಾ ಒಳಗೆ ಕಳಿಸುತ್ತಾರೆ. ಒಂದು ವರ್ಷದೊಳಗಿನ ಕೂಸಾದರೆ ಹುಟ್ಟಿದ ತಾರೀಖು, ತಿಂಗಳು ತುಂಬಿತ್ತಾ ಅಂತ ಬರೆದುಕೊಳ್ಳುತ್ತೇವೆ. ಸಾಫ್ಟ್‌ವೇರ್ ಮಾತ್ರ ಹಳೇದೇ. ಎರಡೂವರೆ ತಿಂಗಳ ಕೂಸಿಗೂ ವಯಸ್ಸು ‘0 ವರ್ಷ’ ಅಂತಲೇ ಪ್ರಿಂಟ್ ಆಗುತ್ತದೆ. ಸರಿಮಾಡಿಕೊಡಿ ಅಂತ ಕಂಪನಿಯವರಿಗೆ ಹೇಳಿ ಹೇಳಿ ಸಾಕಾಗಿದೆ. ಅಲ್ಲಿಯವರೆಗೆ ವಯಸ್ಸಿನ ಪಟ್ಟಿಯನ್ನು ರಿಪೋರ್ಟ್ ಕೆಳಗೆ ನಾವೇ ಟೈಪ್ ಮಾಡುತ್ತಿದ್ದೇವೆ.