ನಾನು ತಿದ್ದಲು ಹೋದ ಪಂಚಮ

ಲಂಡನ್ನಿನ ಹೊರವಲಯದ ಚರ್ಚೊಂದರ ಸಭಾಂಗಣದಲ್ಲಿ ಶನಿವಾರ ಸೇರುವ ನಮ್ಮ ರೆಕಾರ್ಡರ್ ಬಳಗದಲ್ಲಿ ಹೆಚ್ಚಿನವರು ನಿವೃತ್ತರು. ಮೈಸೂರಿನಿಂದ ಬಂದು ನೆಲೆಸಿ, ಮೂವತ್ತು ದಾಟಿದ ಮೇಲೆ ಈ ಮರದ ಕೊಳಲನ್ನು ಕೈಗೆತ್ತಿಕೊಂಡವಳು ನಾನೊಬ್ಬಳೇ. ಕಳೆದ ಚಳಿಗಾಲದ ಒಂದು ದಿನ, ನಮಗೆ ಹೇಳಿಕೊಡುವ ಹಿರಿಯರು ಇಟಲಿಯ ನೇಪಲ್ಸಿನ ಹಳೆಯ ವಿಲ್ಲನೆಲ್ಲಾ ಒಂದರ ಪ್ರತಿಗಳನ್ನು ಹಂಚಿದರು. ಹಳ್ಳಿಗ ಎಂಬರ್ಥದ 'ವಿಲ್ಲಾನೊ' ಪದದಿಂದ ಹೆಸರು ಪಡೆದ ಈ ಜಾತಿಯ ಮೂರು ದನಿಯ ಹಾಡುಗಳ ಸಂಕಲನವೊಂದು 1537ರಲ್ಲೇ ನೇಪಲ್ಸಿನಲ್ಲಿ ಅಚ್ಚಾಗಿತ್ತು.

ನನಗೆ ಬಂದದ್ದು ಟೆನರ್ ರೆಕಾರ್ಡರಿನ ಕೆಳದನಿ. ಎರಡನೆಯ ಸಾಲಿನಲ್ಲಿ ನನ್ನ ದನಿ ಷಡ್ಜದಲ್ಲಿದ್ದಾಗ ಇನ್ನೊಂದು ಪಂಚಮದಲ್ಲಿ, ನಾನು ರಿಷಭಕ್ಕೆ ಏರಿದರೆ ಅದು ಧೈವತಕ್ಕೆ, ಹೀಗೆ ಐದರ ಅಂತರ ಬಿಡದೆ ಎರಡೂ ಜೊತೆಯಾಗಿಯೇ ಸಾಗುತ್ತಿದ್ದವು. ಪಾಶ್ಚಾತ್ಯ ಸ್ವರಮೇಳದ ಪರೀಕ್ಷೆಗೆ ಆಗಷ್ಟೇ ಓದಿದ್ದ ನನಗೆ ಇದು ಕೂಡದ ತಪ್ಪೆಂದು ತಿಳಿದಿತ್ತು. ಅಚ್ಚಿನ ದೋಷವಿರಬೇಕೆಂದು ಪೆನ್ಸಿಲಿನಿಂದ ಎರಡು ಸ್ವರಗಳನ್ನು ಬದಲಿಸಿಕೊಂಡೆ.

ನುಡಿಸುವಾಗ ಆ ಹಿರಿಯರು ಅಲ್ಲಿಗೇ ನಿಲ್ಲಿಸಿ, ನನ್ನ ಹಾಳೆಯನ್ನು ನೋಡಿ, ಬೇಸರಿಸದೆ ವಿವರಿಸಿದರು. ಈ ಹಾಡುಗಳನ್ನು ಬರೆದವರು ನಿಯಮವನ್ನು ಬಲ್ಲವರು. ಶಾಸ್ತ್ರ ಕಲಿಯದ ಜನ ಕೂಡಿ ಹಾಡುವ ರೀತಿಯನ್ನು ನೆನಪಿಸಲೆಂದೇ ಅವರು ಆ ಪಂಚಮಗಳನ್ನು ಸಾಲಾಗಿ ಇಟ್ಟರು. ವೆನಿಸ್ಸಿನ ಸಂತ ಮಾರ್ಕನ ಬಸಿಲಿಕಾದ ಸಂಗೀತದ ಮುಖ್ಯಸ್ಥನಾಗಿದ್ದ ವಿಲಾರ್ಟ್ 1540ರ ದಶಕದಲ್ಲಿ ಇಂಥ ಹಾಡುಗಳನ್ನು ನಾಲ್ಕು ದನಿಗೆ ಹೊಂದಿಸಿ, ರಾಗದ ಎಳೆಯನ್ನು ಮೇಲಿನಿಂದ ಟೆನರ್ ಎಂಬ ಒಳದನಿಗೆ ಇಳಿಸಿದ. ಅವನು ಹೊಂದಿಸಿದ್ದೊಂದನ್ನೂ ಅಂದು ನುಡಿಸಿದೆವು. ಅದರ ನೇಯ್ಗೆ ನಿಜಕ್ಕೂ ಚೆಲುವಾದದ್ದು, ಆದರೂ ನನ್ನ ಮನಸ್ಸು ನೇಪಲ್ಸಿನ ಒರಟು ಹಾಡಿನ ಕಡೆಗೇ ಎಳೆಯುತ್ತಿತ್ತು.

ಊಟದ ಬಿಡುವಿನ ನಂತರ ಇಟಲಿಯ ಸಂಗೀತಗಾರ ಮೈನೇರಿಯೊ 1578ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ ಕುಣಿತಗಳ ಪುಸ್ತಕದಿಂದ ಈಶಾನ್ಯ ಇಟಲಿಯ ಫ್ರಿಯೂಲಿ ಸೀಮೆಯದೊಂದನ್ನು ತೆಗೆದುಕೊಂಡೆವು. ಹಾಡಲೂ, ಎಲ್ಲ ಬಗೆಯ ವಾದ್ಯಗಳಲ್ಲಿ ನುಡಿಸಲೂ ಹೊಂದಿಸಿದ್ದು ಎಂದು ಆ ಪುಸ್ತಕದ ಶೀರ್ಷಿಕೆಯಲ್ಲೇ ಇರುವುದು ರೆಕಾರ್ಡರ್ ನುಡಿಸುವವರಿಗೆ ದೊಡ್ಡ ಅನುಕೂಲ. ಅದನ್ನು ಕುಳಿತು ನುಡಿಸಿದಾಗ ಲಯ ಸೋತು ಮಲಗಿತ್ತು. ಎದ್ದು ನಿಂತು ಹೆಜ್ಜೆ ಹಾಕುತ್ತಾ ನುಡಿಸಿದಾಗಲೇ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದು ಕಾಲಿಗೆ ತಿಳಿಯಿತು.

ಕೊನೆಯ ಅರ್ಧ ಗಂಟೆಯಲ್ಲಿ ಮತ್ತೆ ಆ ವಿಲ್ಲನೆಲ್ಲಾ ನುಡಿಸೋಣವೆಂದು ನಾನೇ ಕೇಳಿಕೊಂಡೆ. ರೆಕಾರ್ಡರಿನಲ್ಲಿ ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಉಸಿರು ಸಡಿಲಿಸಿದರೆ ಇಳಿಯುತ್ತದೆ; ಆದ್ದರಿಂದ ಇಬ್ಬರ ಪಂಚಮ ಕೂಡಬೇಕಾದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಆಲಿಸಲೇಬೇಕು. ಪಂಚಮದ ಎರಡು ದನಿಗಳ ಕಂಪನಗಳ ನಡುವಿನ ಮೂರು-ಎರಡರ ಅನುಪಾತ ಸರಿಯಾಗಿ ಕೂಡಿದಾಗ, ಯಾರೂ ನುಡಿಸದ ಮತ್ತೊಂದು ದನಿ, ಕೆಳದನಿಗಿಂತ ಒಂದು ಸ್ಥಾಯಿ ಕೆಳಗೆ, ಕಿವಿಯೊಳಗೆ ಮೂಡುತ್ತದೆ. ತಂಬೂರಿಯ ಮಡಿಲಲ್ಲಿ ಬೆಳೆದ ನನ್ನ ಕಿವಿ ಅದನ್ನು ಒಡನೆಯೇ ಗುರುತಿಸಿತು. ನಾನು ತಿದ್ದಿದ್ದ ಆ ಎರಡು ಸ್ವರಗಳ ಬಳಿಗೆ ಬಂದಾಗ ಪಕ್ಕದವರೊಂದಿಗೆ ಉಸಿರು ಹೊಂದಿಸಿ ಅಚ್ಚಿನಲ್ಲಿದ್ದಂತೆಯೇ ಊದಿದೆ. ನಮ್ಮ ಪಂಚಮಗಳು ಮೇಲೇರಿದಂತೆ ಆ ಕಾಣದ ಮಂದ್ರವೂ ನಮ್ಮ ಜೊತೆಗೆ ಒಂದೊಂದೇ ಮೆಟ್ಟಿಲು ಏರಿ ಬಂತು.