ಮಳೆ ಪುಸ್ತಕದಿಂದ ಸ್ಪ್ಯಾನರ್‌ಗೆ: ಕಾಲಂ ಟೈಪ್‌ಗಳು ಗಟ್ಟಿಯಾದವು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಟ್ಟ ಪುಸ್ತಕಗಳು ಇನ್ನೂ ಇವೆ. ಕೆಲವು ಡೈರಿಗಳು, ಕೆಲವು ಹಳೆಯ ಲೆಕ್ಕದ ಪುಸ್ತಕಗಳ ಹಿಂದಿನ ಹಾಳೆಗಳು. ಅವನ್ನೆಲ್ಲ ಒಂದೇ ಕಡೆ ತರುವುದು ನನ್ನ ಈಗಿನ ಹವ್ಯಾಸ. ಡೇಟಾಬೇಸ್ ಆಗಿ ಗೂಗಲ್‌ನ ಕ್ಲೌಡ್ ಸ್ಪ್ಯಾನರ್ ಆರಿಸಿಕೊಂಡಿದ್ದೇನೆ. ಇಷ್ಟು ಡೇಟಾಕ್ಕೆ ಒಂದು ಎಸ್‌ಕ್ಯುಲೈಟ್ ಫೈಲ್ ಧಾರಾಳ ಸಾಕು, ನಿಜ. ಆದರೆ ಹಲವು ಯಂತ್ರಗಳಲ್ಲಿ ಹಂಚಿಕೊಂಡು ಓಡುವ ಡೇಟಾಬೇಸನ್ನು ಕಲಿಯಬೇಕು ಅಂತಿತ್ತು. ಕಲಿಯುವುದಾದರೆ ನನಗೆ ಬೇಕಾದ ಡೇಟಾದ ಮೇಲೆಯೇ ಕಲಿಯೋಣ ಅಂದುಕೊಂಡೆ. ಸದ್ಯಕ್ಕೆ ಎಲ್ಲವೂ ಲ್ಯಾಪ್‌ಟಾಪ್‌ನ ಎಮ್ಯುಲೇಟರ್‌ನಲ್ಲಿ (ಸ್ಪ್ಯಾನರ್‌ನ ಹಾಗೆ ನಡೆದುಕೊಳ್ಳುವ ಅಣಕು ಪ್ರೋಗ್ರಾಂ), ಖರ್ಚಿಲ್ಲದೆ ನಡೆಯುತ್ತಿದೆ. ಅದು ಡೇಟಾವನ್ನು ಮೆಮೊರಿಯಲ್ಲಿ ಮಾತ್ರ ಇಡುತ್ತದೆ, ನಿಲ್ಲಿಸಿದರೆ ಎಲ್ಲ ಹೋಗುತ್ತದೆ. ಹಾಗಾಗಿ ಟೇಬಲ್ ಕಟ್ಟುವ, ತುಂಬುವ ಸ್ಕ್ರಿಪ್ಟ್‌ಗಳನ್ನು ಬೇರೆಯಾಗಿ ಇಟ್ಟಿದ್ದೇನೆ.

ಟೈಪ್, ಅಂದರೆ ಯಾವ ಕಾಲಂನಲ್ಲಿ ಎಂಥ ಡೇಟಾ ಇರಬೇಕು ಎಂಬುದನ್ನು ಆರಿಸುವುದಕ್ಕೆ ಇಷ್ಟು ಸಮಯ ಕೊಟ್ಟದ್ದಕ್ಕೆ ಕಾರಣ ಇದೆ. ಸ್ಪ್ಯಾನರ್‌ನಲ್ಲಿ ಸ್ಟ್ರಿಂಗ್ (ಅಕ್ಷರಗಳ) ಕಾಲಂನ ಉದ್ದ ಹೆಚ್ಚಿಸಬಹುದು, ಸ್ಟ್ರಿಂಗನ್ನು ಬೈಟ್ಸ್ (ಕಚ್ಚಾ ಡೇಟಾ) ಮಾಡಬಹುದು. ಆದರೆ ಫ್ಲೋಟ್64 (ಬೈನರಿಯಲ್ಲಿ ಇಟ್ಟ ದಶಮಾಂಶ ಸಂಖ್ಯೆ) ಕಾಲಂ ಒಂದನ್ನು ನೇರವಾಗಿ ನ್ಯೂಮರಿಕ್ (ನಿಖರ ದಶಮಾಂಶ ಸಂಖ್ಯೆ) ಮಾಡಲು ಬಿಡುವುದಿಲ್ಲ. ಹೊಸ ಕಾಲಂ ಸೇರಿಸಿ, ಡೇಟಾ ತುಂಬಿ, ಹಳೆಯದನ್ನು ತೆಗೆಯಬೇಕು. ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀ ಬದಲಿಸಬೇಕಾದರಂತೂ ಹೊಸ ಟೇಬಲ್ಲೇ ಗತಿ. ಅದಕ್ಕೆ ಮೊದಲು ಪುಸ್ತಕಗಳನ್ನು ಓದಿದೆ. ಬರೆದವರು ಏನು ಬರೆದಿದ್ದಾರೆ, ಏನು ಬರೆಯದೆ ಬಿಟ್ಟಿದ್ದಾರೆ ಅಂತ ನೋಡಿದ ಮೇಲೆಯೇ ಟೈಪ್‌ಗೆ ಕೈ ಹಾಕಿದೆ.

ಮಳೆಯ ಪ್ರಮಾಣದಿಂದ ಶುರು ಮಾಡುತ್ತೇನೆ. ಅಳತೆ ಅಂದರೆ ಫ್ಲೋಟ್64 ಎಂದು ಕೈ ತಾನಾಗಿ ಹೋಗುತ್ತದೆ. ಆದರೆ 0.1 ಎಂಬ ಸಂಖ್ಯೆಯನ್ನು ಬೈನರಿಯಲ್ಲಿ ಸರಿಯಾಗಿ ಬರೆಯಲು ಆಗುವುದಿಲ್ಲ. 0.1ಕ್ಕೆ 0.2 ಕೂಡಿಸಿದರೆ ಫ್ಲೋಟ್64ನಲ್ಲಿ 0.30000000000000004 ಬರುತ್ತದೆ. ಹಂಚಿದ ಡೇಟಾಬೇಸ್‌ನಲ್ಲಿ ಇನ್ನೊಂದು ತೊಡಕು ಇದೆ. ದೊಡ್ಡ ಟೇಬಲ್ ಒಂದರ ಮೊತ್ತವನ್ನು ಬೇರೆ ಬೇರೆ ಯಂತ್ರಗಳು ತುಂಡು ತುಂಡಾಗಿ ಕೂಡಿಸಿ ಕೊನೆಗೆ ಸೇರಿಸುತ್ತವೆ. ಫ್ಲೋಟ್ ಕೂಡಿಸುವಾಗ ಕ್ರಮ ಬದಲಾದರೆ ಕೊನೆಯ ಅಂಕಿಯೂ ಬದಲಾಗಬಹುದು. ನನಗೆ ಗಡಿಗೆರೆಗಳು ಮುಖ್ಯ. ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಂದರೆ ಭಾರೀ ಮಳೆ ಅನ್ನುತ್ತದೆ, 115.6 ಆದರೆ ಅತಿ ಭಾರೀ. ಬೆಳಿಗ್ಗೆ, ಸಂಜೆ ಎರಡು ಸಲ ಅಳೆದವರ ಅಂಕಿಗಳನ್ನು ಕೂಡಿಸುವಾಗ ಬಾಲದಲ್ಲಿ ಒಂದು ಚೂರು ಕಡಿಮೆ ಬಿದ್ದರೂ ಆ ದಿನ ಬೇರೆ ಪಂಗಡಕ್ಕೆ ಹೋಗುತ್ತದೆ.

ಮಿಲಿಮೀಟರ್‌ನ ಹತ್ತನೇ ಒಂದು ಭಾಗವನ್ನು ಇಂಟ್64ನಲ್ಲಿ (ಪೂರ್ಣಾಂಕದ ಟೈಪ್) ಇಡುವುದು ಇನ್ನೊಂದು ದಾರಿ. 64.5 ಅಂದರೆ 645. ಅಚ್ಚುಕಟ್ಟು, ವೇಗವೂ ಹೌದು. ಹಳೆಯ ಪುಸ್ತಕಗಳು ಬರುವ ತನಕ ನನಗೂ ಇದೇ ಇಷ್ಟವಾಗಿತ್ತು. ಅವುಗಳಲ್ಲಿ ಮಳೆ ಇರುವುದು ಇಂಚು ಮತ್ತು ಸೆಂಟ್ಸ್‌ನಲ್ಲಿ. ಸೆಂಟ್ಸ್ ಅಂದರೆ ಇಂಚಿನ ನೂರನೇ ಒಂದು ಭಾಗ. ಒಂದು ಇಂಚು ಸರಿಯಾಗಿ 25.4 ಮಿಲಿಮೀಟರ್. ಎರಡು ಇಂಚು ಮೂವತ್ತೈದು ಸೆಂಟ್ಸ್ ಎಂದು ಬರೆದಿದ್ದರೆ ಅದು 59.69. ಹತ್ತನೇ ಭಾಗದ ಲೆಕ್ಕದಲ್ಲಿ ಇದು ಕೂರುವುದಿಲ್ಲ, ದುಂಡಗೆ ಮಾಡಬೇಕಾಗುತ್ತದೆ. ಯಾರೋ ನಸುಕಿನಲ್ಲಿ ಎದ್ದು ಅಳೆದು ಬರೆದ ಅಂಕಿಯನ್ನು ನಾನು ತಿದ್ದುವುದಿಲ್ಲ. ಹೀಗಾಗಿ ನ್ಯೂಮರಿಕ್ ಗೆದ್ದಿತು. ಸ್ಪ್ಯಾನರ್‌ನ ನ್ಯೂಮರಿಕ್‌ನಲ್ಲಿ ಒಟ್ಟು 38 ಅಂಕಿ, ಅದರಲ್ಲಿ 9 ದಶಮಾಂಶದ ನಂತರ. ಸೆಂಟ್ಸ್‌ನಿಂದ ಬಂದ ಸಂಖ್ಯೆಗೆ ಮೂರೇ ದಶಮಾಂಶ ಸಾಕು. ಪಕ್ಕದಲ್ಲಿ ಇನ್ನೊಂದು ಸ್ಟ್ರಿಂಗ್ ಕಾಲಂ ಇದೆ. ಪುಸ್ತಕದಲ್ಲಿ ಹೇಗಿದೆಯೋ ಹಾಗೆ, ‘2 ಇಂ. 35’ ಎಂದೇ ಅದರಲ್ಲಿ ಇರುತ್ತದೆ.

ಇನ್ನು ಖಾಲಿ ಜಾಗ. ನನ್ನ ಪ್ರಕಾರ ಇಡೀ ಟೇಬಲ್‌ನಲ್ಲಿ ತುಂಬಾ ಯೋಚಿಸಬೇಕಾದ್ದು ಇದೇ. ಪುಸ್ತಕದಲ್ಲಿ ಸೊನ್ನೆ ಬರೆದಿದ್ದರೆ ಮಳೆ ಬಂದಿಲ್ಲ. ಏನೂ ಬರೆಯದಿದ್ದರೆ ಅಳೆದಿಲ್ಲ. ‘ಹನಿ’ ಎಂದಿದ್ದರೆ ಬಿದ್ದಿದೆ, ಆದರೆ ಅಳತೆಗೆ ಸಿಕ್ಕಿಲ್ಲ. ಮದುವೆಗೋ ಆಟಕ್ಕೋ ಹೋಗಿ ಬಂದವರು ‘ಎರಡು ದಿನದ್ದು ಒಟ್ಟು’ ಅಂತಲೂ ಬರೆದಿದ್ದಾರೆ. ಈ ನಾಲ್ಕನ್ನೂ ಒಂದೇ ಸಂಖ್ಯೆಯ ಕಾಲಂಗೆ ತುರುಕಿದರೆ ಲೆಕ್ಕ ಹಾಳಾಗುತ್ತದೆ.

ಯಾಕೆ ಅಂದರೆ, ಈ ಡೇಟಾಕ್ಕೆ ತೋಟದವರು ಕೇಳುವ ಮೊದಲ ಪ್ರಶ್ನೆ ಬಿಡುವಿನದ್ದು. ಕೊಳೆರೋಗಕ್ಕೆ ಬೋರ್ಡೊ ಮದ್ದು ಮಳೆಗಾಲದ ಮೊದಲು ಒಮ್ಮೆ ಬಿಡಬೇಕು, 40–45 ದಿನ ಕಳೆದು ಇನ್ನೊಮ್ಮೆ. ಎರಡನೆಯದು ಬರುವುದು ಸುರಿಯುವ ಮಳೆಯ ನಡುವೆ. ಆಗ ಎಷ್ಟು ದಿನದ ಹೊಳವು (ಮಳೆಯ ಬಿಡುವು) ಸಿಗುತ್ತಿತ್ತು, ಯಾವ ವಾರದಲ್ಲಿ ಸಿಗುತ್ತಿತ್ತು? ಇದಕ್ಕೆ ಉತ್ತರ ಹುಡುಕುವಾಗ ಅಳೆಯದ ದಿನವನ್ನು ಸೊನ್ನೆ ಎಂದು ತೆಗೆದುಕೊಂಡರೆ ಇಲ್ಲದ ಹೊಳವು ಕಾಣುತ್ತದೆ. ಹೀಗಾಗಿ ಪ್ರಮಾಣದ ಕಾಲಂಗೆ ನಾಟ್ ನಲ್ (ಖಾಲಿ ಬಿಡಬಾರದು ಎಂಬ ನಿಯಮ) ಹಾಕಿಲ್ಲ. ಅಳೆಯದ ದಿನ ನಲ್, ಅಂದರೆ ಖಾಲಿ. ಮೊತ್ತ, ಸರಾಸರಿ ಮಾಡುವಾಗ ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯುಎಲ್ ನಲ್ ಇದ್ದ ಸಾಲುಗಳನ್ನು ಸುಮ್ನೆ ಬಿಟ್ಟುಬಿಡುತ್ತದೆ. ಹಾಗಾಗಿ ತಿಂಗಳ ಮೊತ್ತದ ಜೊತೆ ಎಷ್ಟು ದಿನ ಅಳೆದದ್ದು ಎಂಬುದನ್ನೂ ತೋರಿಸುತ್ತೇನೆ. ಹೊಳವಿನ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಲ್ ಬಂದರೆ ಮಳೆಯಿಲ್ಲದ ದಿನಗಳ ಸರಣಿ ಅಲ್ಲಿಗೆ ಕಡಿಯುತ್ತದೆ. ‘ಹನಿ’ಗೆ ಒಂದು ಬೂಲ್ (ಹೌದು/ಇಲ್ಲ) ಕಾಲಂ. ಒಟ್ಟು ಅಳತೆಗೆ ‘ಎಷ್ಟು ದಿನದ್ದು’ ಎಂಬ ಇಂಟ್64, ಡಿಫಾಲ್ಟ್ 1. ಪ್ರಮಾಣ ಸೊನ್ನೆಗಿಂತ ಕಡಿಮೆ ಆಗಬಾರದು ಅಂತ ಚೆಕ್ ನಿರ್ಬಂಧವೂ ಇದೆ.

ದಿನಾಂಕದ್ದು ಬೇರೆಯೇ ಕಥೆ. ನಮ್ಮಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಶುರುವಾಗುವುದಿಲ್ಲ. ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದದ್ದು ಹಿಂದಿನ 24 ಗಂಟೆಯ ಮಳೆ. ಇದನ್ನು ಟೈಮ್‌ಸ್ಟಾಂಪ್ ಆಗಿ ಇಟ್ಟರೆ ಏನಾಗುತ್ತದೆ ನೋಡಿ. ಸ್ಪ್ಯಾನರ್‌ನ ಟೈಮ್‌ಸ್ಟಾಂಪ್ ಒಂದು ಕ್ಷಣ ಮಾತ್ರ, ಅದರಲ್ಲಿ ಕಾಸರಗೋಡಿನ ಗಡಿಯಾರ ಇಲ್ಲ. ನಮ್ಮ 8.30 ಅಂದರೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) 3.00. ಕ್ವೆರಿಯಲ್ಲಿ ಟೈಮ್‌ಝೋನ್ ಹೇಳದೆ ಅದನ್ನು ದಿನಾಂಕಕ್ಕೆ ತಿರುಗಿಸಿದರೆ ಸ್ಪ್ಯಾನರ್ ಡಿಫಾಲ್ಟ್ ಆಗಿ ಅಮೆರಿಕದ ಲಾಸ್ ಏಂಜಲೀಸ್ ಸಮಯ ಹಿಡಿಯುತ್ತದೆ. ಮಳೆಗಾಲದಲ್ಲಿ ಅಲ್ಲಿ ಆಗ ಹಿಂದಿನ ದಿನದ ರಾತ್ರಿ 8 ಗಂಟೆ. ಪೆರ್ಲದ ಜುಲೈ 15ರ ಮಳೆ 14ಕ್ಕೆ ಹೋಗಿ ಕೂರುತ್ತದೆ. ಪುಸ್ತಕದಲ್ಲಿ ಇರುವುದೂ ತಾರೀಕು ತಾನೇ, ಕ್ಷಣ ಅಲ್ಲವಲ್ಲ. ಹಾಗಾಗಿ ಡೇಟ್ ಟೈಪ್. ಜಾಗವೂ ಕಡಿಮೆ, ಟೈಮ್‌ಸ್ಟಾಂಪ್‌ಗೆ 12 ಬೈಟ್, ಡೇಟ್‌ಗೆ 4. ಕೆಲವು ಮನೆಯವರು ಬೆಳಿಗ್ಗೆ ಅಳೆದದ್ದನ್ನು ಹಿಂದಿನ ದಿನದ ಎದುರು ಬರೆಯುತ್ತಾರೆ. ಅದಕ್ಕೆ ಅಳೆದ ಬೆಳಗಿನ ತಾರೀಕೇ ಕಾಲಂನ ಅರ್ಥ ಎಂದು ಗಟ್ಟಿ ಮಾಡಿಕೊಂಡು, ಅಂಥ ಪುಸ್ತಕಗಳ ತಾರೀಕನ್ನು ಒಂದು ದಿನ ಮುಂದಕ್ಕೆ ತಳ್ಳುತ್ತೇನೆ. ಟೈಮ್‌ಸ್ಟಾಂಪ್ ಇರುವುದು ಒಂದೇ ಕಡೆ, ಸಾಲು ಡೇಟಾಬೇಸ್‌ಗೆ ಸೇರಿದ ಹೊತ್ತಿಗೆ. ಕಮಿಟ್ ಟೈಮ್‌ಸ್ಟಾಂಪ್ ಆಯ್ಕೆ ಹಾಕಿ, ಸಾಲು ಸೇರಿಸುವಾಗ ಕೇಳಿಕೊಂಡರೆ ಆ ಹೊತ್ತನ್ನು ಸ್ಪ್ಯಾನರ್ ತಾನೇ ತುಂಬುತ್ತದೆ.

ಪ್ರೈಮರಿ ಕೀ: ಮೊದಲು ಮಳೆಮಾಪಕದ ಐಡಿ, ಆಮೇಲೆ ತಾರೀಕು. ತಾರೀಕು ಮೊದಲು ಇಟ್ಟರೆ ಎಲ್ಲ ಮನೆಗಳ ಹೊಸ ಸಾಲುಗಳೂ ಬೆಳಿಗ್ಗೆ ಕೀಯ ಒಂದೇ ತುದಿಗೆ ಬಂದು ಬೀಳುತ್ತವೆ. ಊರಿನ ರೇಷನ್ ಅಂಗಡಿಯಲ್ಲಿ ಒಂದೇ ಕೌಂಟರ್ ತೆರೆದ ಹಾಗೆ, ಉಳಿದ ಯಂತ್ರಗಳು ಇದ್ದೂ ಪ್ರಯೋಜನವಿಲ್ಲ. ಐಡಿಗೂ 1, 2, 3 ಎಂಬ ಕ್ರಮಸಂಖ್ಯೆ ಬೇಡ ಅಂತ 36 ಅಕ್ಷರದ ಯುಯುಐಡಿ (ಕ್ರಮವಿಲ್ಲದ, ಒಂದರಂತೆ ಇನ್ನೊಂದಿರದ ಗುರುತು) ಹಾಕಿದೆ.

ಊರ ಹೆಸರಿಗೆ ಸ್ಟ್ರಿಂಗ್(100). ಇಲ್ಲಿ ಎಣಿಕೆ ಬೈಟ್‌ನದ್ದಲ್ಲ, ಯೂನಿಕೋಡ್ ಅಕ್ಷರದ್ದು. ‘ಕಾಸರಗೋಡು’ ಕಣ್ಣಿಗೆ ಐದು ಅಕ್ಷರ, ಯೂನಿಕೋಡ್‌ನಲ್ಲಿ ಎಂಟು, ಯುಟಿಎಫ್-8ರಲ್ಲಿ 24 ಬೈಟ್. ಅದರ ‘ಗೋ’ದ ಸ್ವರಚಿಹ್ನೆಯನ್ನು ಬಿಡಿಸಿ ಬರೆದರೆ ಎಂಟು ಹತ್ತಾಗುತ್ತದೆ. ನೋಡಲು ಎರಡೂ ಒಂದೇ, ಹುಡುಕಿದರೆ ಒಂದು ಸಿಗುವುದಿಲ್ಲ. ಬಿಡಿಸಿದ ಚಿಹ್ನೆಗಳನ್ನು ಕೂಡಿಸುವ ಎನ್‌ಎಫ್‌ಸಿ ಎಂಬ ಪ್ರಮಾಣ ರೂಪಕ್ಕೆ ತಂದೇ ಸೇರಿಸುವುದರಿಂದ ಕನ್ನಡದ್ದು ಸರಿಹೋಯಿತು. ಮಲಯಾಳದ್ದು ಹಾಗಲ್ಲ. ಚೆರ್ಕಳ, ಪೆರ್ಲ ಎಂದು ಮಲಯಾಳದಲ್ಲಿ ಬರೆಯುವಾಗ ಬರುವ ಚಿಲ್ಲಕ್ಷರಕ್ಕೆ (ಸ್ವರವಿಲ್ಲದ ವ್ಯಂಜನ) 2008ರ ಯೂನಿಕೋಡ್ 5.1ರಲ್ಲಿ ಸ್ವಂತ ಸಂಕೇತ ಸಿಕ್ಕಿತು. ಅದಕ್ಕೂ ಮೊದಲಿನ, ಜಾಯಿನರ್ (ಕಣ್ಣಿಗೆ ಕಾಣದ ಜೋಡಿಸುವ ಸಂಕೇತ) ಬಳಸಿದ ರೂಪವನ್ನು ಎನ್‌ಎಫ್‌ಸಿ ಇದರ ಜೊತೆ ಒಂದಾಗಿಸುವುದಿಲ್ಲ. ಅದಕ್ಕೆ ನಾನೇ ಒಂದು ಪುಟ್ಟ ಬದಲಿಪಟ್ಟಿ ಬರೆದಿದ್ದೇನೆ. ಎರಡೂ ಭಾಷೆಯ ಹೆಸರುಗಳು ಬೇರೆ ಟೇಬಲ್‌ನಲ್ಲಿ, ಹೆಸರಿಗೊಂದು ಸಾಲಿನಂತೆ ಇವೆ. ಇಲ್ಲಿ ಊರಿಗೆ ಒಂದೇ ಹೆಸರು ಅಂತ ಕಾಲಂ ಮಾಡಿದರೆ ಅರ್ಧ ಜನರಿಗೆ ತಮ್ಮ ಊರು ಸಿಗುವುದಿಲ್ಲ, ಅಲ್ವಾ?

ಪುಟಗಳ ಫೋಟೋ ಡೇಟಾಬೇಸ್‌ನಲ್ಲಿ ಇಲ್ಲ. ಬೈಟ್ಸ್ ಕಾಲಂನ ಮಿತಿ 10 ಎಂಬಿ, ಫೋಟೋ ಅದರೊಳಗೆ ನಿಲ್ಲುತ್ತದೆ ನಿಜ. ಆದರೂ ಫೈಲ್ ಬೇರೆ ಕಡೆ ಇಟ್ಟು ದಾರಿ ಮಾತ್ರ ಸ್ಟ್ರಿಂಗ್‌ನಲ್ಲಿ ಬರೆದೆ.

ಮಿಲಿಮೀಟರ್ ಪುಸ್ತಕಗಳ ಸ್ಕ್ರಿಪ್ಟ್ ಓಡುತ್ತಿದೆ, ಹೊಳವಿನ ಕ್ವೆರಿಯೂ ಉತ್ತರ ಕೊಡುತ್ತಿದೆ. ಮುಂದಿನ ಕೆಲಸ ಇಂಚಿನ ಪುಸ್ತಕಗಳದ್ದು. ಒಂದರಲ್ಲಿ ತಾರೀಕಿನ ಬದಲು ಆರಿದ್ರಾ, ಪುನರ್ವಸು ಎಂದು ಮಳೆನಕ್ಷತ್ರ ಮತ್ತು ಅದರ ಎಷ್ಟನೇ ದಿನ ಎಂದಷ್ಟೇ ಇದೆ. ಅದನ್ನು ಡೇಟ್‌ಗೆ ತಿರುಗಿಸಲು ಆಯಾ ವರ್ಷದ ಪಂಚಾಂಗ ಬೇಕು. ಹಳೆಯ ಪಂಚಾಂಗ ಜೋಪಾನ ಮಾಡಿಟ್ಟವರು ಯಾರಾದರೂ ಇದ್ದರೆ ತಿಳಿಸಿ, ಮನೆಗೇ ಬಂದು ಫೋಟೋ ತೆಗೆದುಕೊಳ್ಳುತ್ತೇನೆ.